ಸುಡಾನಿನ ಸೊಸೆ

ಜೆದ್ದಾದ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಸುಡಾನಿನವಳು ಅಂದುಕೊಳ್ಳದೆ ಇದ್ದವನು ಒಬ್ಬನೇ. ನನ್ನ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಸಿಬ್ಬಂದಿ ವಿಭಾಗದ ಗುಮಾಸ್ತ. ಅವನೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ಗೇಟಿನ ಕಾವಲುಗಾರ ದಿನಾ ಬೆಳಿಗ್ಗೆ ನನ್ನ ಹತ್ತಿರ ಅರಬ್ಬಿಯಲ್ಲಿ ಉದ್ದುದ್ದ ಮಾತಾಡುತ್ತಿದ್ದ. ನಾನು ಪಿಳಿಪಿಳಿ ಕಣ್ಣು ಬಿಟ್ಟರೆ, ಕಂಪ್ಯೂಟರ್ ಆಫೀಸಿಗೆ ಸೇರಿದ ಮೇಲೆ ಇವಳಿಗೆ ಸೊಕ್ಕು ಬಂದಿದೆ ಎಂದು ಮುಖ ತಿರುಗಿಸುತ್ತಿದ್ದ. ಕೇರಳದ ನರ್ಸುಗಳು ನನ್ನ ಎದುರಿಗೇ ನಿಂತು ಮಲಯಾಳದಲ್ಲಿ ನನ್ನ ಗುಂಗುರು ಕೂದಲಿನ ಬಗ್ಗೆ ಚರ್ಚೆ ಮಾಡುತ್ತಿದ್ದರು. ನಾನು ಇಂಡಿಯಾದವಳು ಎಂದರೆ ಇಂಡಿಯಾದವರೇ ನಗುತ್ತಿದ್ದರು.

ನಾನು ಹಳಿಯಾಳದ ಕಡೆಯವಳು. ನಾವು ಸಿದ್ದಿಗಳು. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದ ಜನರ ಮೊಮ್ಮಕ್ಕಳು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಮನೆಯವರಂತೆ ಮುಸಲ್ಮಾನರೂ ಇದ್ದಾರೆ. ಅವ್ವ ನಾನು ಚಿಕ್ಕವಳಿರುವಾಗಲೇ ಹೋದಳು. ಬಾಬಾ ಮರದ ಡಿಪೋದಲ್ಲಿ ದಿಮ್ಮಿ ಹೊತ್ತು ನನ್ನನ್ನು ಸಾಕಿದರು. ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಒಬ್ಬ ಸಿಸ್ಟರು ಬಾಬಾರನ್ನು ಕಾಡಿ ಬೇಡಿ ನನ್ನನ್ನು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿಂದ ಧಾರವಾಡ, ಧಾರವಾಡದಿಂದ ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಕ್ಲಾಸು. ಕಂಪ್ಯೂಟರಿಗೆ ಮನುಷ್ಯರ ಬಣ್ಣ ಕಾಣಿಸುವುದಿಲ್ಲ, ಅದಕ್ಕೇ ಆ ವಿದ್ಯೆ ಕಲಿತೆ ಎಂದು ನಾನು ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ಎಸಿ ಇತ್ತು.

ಆಸ್ಪತ್ರೆಯಲ್ಲಿ ನನ್ನ ಕೆಲಸ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಪ್ರೋಗ್ರಾಮ್ ಬರೆಯುವುದು. ಆ ದೇಶದಲ್ಲಿ ಹೆಂಗಸರೂ ಗಂಡಸರೂ ಒಂದೇ ಸೂರಿನಡಿ ಕೆಲಸ ಮಾಡಬಹುದಾಗಿದ್ದ ಜಾಗ ಬಹುಮಟ್ಟಿಗೆ ಆಸ್ಪತ್ರೆಯೊಂದೇ. ಅಲ್ಲಿಯೂ ನಿಯಮ ಬಿಗಿ. ಕೆಲಸದ ಮಾತು ಆಡಬಹುದು, ಬೇರೆ ಮಾತು ಆಡಬಾರದು. ನಾವು ಹೆಂಗಸರು ಉಳಿಯುವುದು ಆಸ್ಪತ್ರೆಯ ಹಾಸ್ಟೆಲಿನಲ್ಲಿ, ಓಡಾಡುವುದು ಆಸ್ಪತ್ರೆಯ ಬಸ್ಸಿನಲ್ಲಿ. ನಮ್ಮ ಮ್ಯಾನೇಜರ್ ಈಜಿಪ್ಟಿನವರು, ವಯಸ್ಸಾದ ಮೃದು ಮನುಷ್ಯ. ಅವರ ಗಾಜಿನ ಕೋಣೆಯಿಂದ ನಮ್ಮ ಟೇಬಲುಗಳೆಲ್ಲ ಕಾಣುತ್ತಿದ್ದವು, ಆದರೆ ಮಾತು ಅರ್ಥವಾಗುತ್ತಿರಲಿಲ್ಲ.

ನಾನು ಸೇರಿ ಒಂದು ವರ್ಷವಾದ ಮೇಲೆ ಅವನು ಬಂದ. ಕಂಪ್ಯೂಟರುಗಳ ನಡುವೆ ಕೇಬಲ್ ಎಳೆದು ಒಂದಕ್ಕೊಂದು ಜೋಡಿಸುವ ಕೆಲಸ ಅವನದು. ಉಡುಪಿ ಕಡೆಯ ಬ್ಯಾರಿ ಮುಸಲ್ಮಾನರ ಮನೆತನದವನು. ಅದು ನನಗೆ ಗೊತ್ತಾದದ್ದು ಹೀಗೆ: ನನ್ನ ಟೇಬಲಿನ ಅಡಿಯಲ್ಲಿ ಕೂತು ಕೇಬಲ್ ಸಿಕ್ಕಿಸುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಹಿಡಿದು ಯಾರೋ ಗೆಳೆಯನಿಗೆ ಹೇಳುತ್ತಿದ್ದ.

"ಇಲ್ಲೊಬ್ಬಳು ಸುಡಾನಿ ಮೇಡಂ ಇದ್ದಾಳೆ ಮಾರಾಯ, ಭಾರಿ ಜೋರು. ಕೇಬಲ್ ಮುಟ್ಟಿದ್ರೆ ಕಚ್ಚುವ ಹಾಗೆ ನೋಡ್ತಾಳೆ."

ನಾನು ಬಗ್ಗಿ ಟೇಬಲಿನ ಅಡಿಗೆ ಮುಖ ಹಾಕಿ ಹೇಳಿದೆ. "ಸುಡಾನ್ ಅಲ್ರೀ, ಹಳಿಯಾಳ. ಜೋರು ಅಂದದ್ದು ಖರೆ."

ಅವನು ಗಾಬರಿಯಿಂದ ಮೇಲೇಳಲು ಹೋಗಿ ತಲೆ ಟೇಬಲಿಗೆ ಬಡಿಸಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು, ಆದರೂ ನಗುತ್ತಿದ್ದ. "ಎಂತ? ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ" ಎಂದ. ಊರು ಬಿಟ್ಟು ಬಂದ ಮೇಲೆ ನನ್ನ ಕನ್ನಡವನ್ನು ಇನ್ನೊಮ್ಮೆ ಕೇಳಬೇಕು ಅಂದವನು ಅವನೊಬ್ಬನೇ. ನಾನು ಅಲ್ಲಿಯೇ ಸೋತೆ ಅಂತ ಈಗ ಅನಿಸುತ್ತದೆ.

ನಮಗೆ ಮಾತಾಡಲು ಇದ್ದದ್ದು ಒಂದೇ ದಾರಿ. ಗಾಜಿನ ಹಿಂದೆ ಮ್ಯಾನೇಜರ್ ಕೂತಿರುತ್ತಿದ್ದರು. ಗಂಡಸೊಬ್ಬ ಹೆಂಗಸೊಬ್ಬಳ ಟೇಬಲಿನ ಬಳಿ ನಗುತ್ತ ನಿಂತರೆ ಮರುದಿನ ಎಚ್ಚರಿಕೆಯ ಕಾಗದ ಬರುತ್ತಿತ್ತು. ಆದರೆ ಪ್ರೋಗ್ರಾಮ್ ಬರೆಯುವವಳೂ ಕೇಬಲ್ ಎಳೆಯುವವನೂ ಜಗಳವಾಡುವುದು ಎಲ್ಲ ಆಫೀಸಿನಲ್ಲೂ ಇದ್ದದ್ದೇ. ಏನು ಕೆಟ್ಟರೂ ಅವನು ನನ್ನ ಪ್ರೋಗ್ರಾಮ್ ಅನ್ನುತ್ತಾನೆ, ನಾನು ಅವನ ಕೇಬಲ್ ಅನ್ನುತ್ತೇನೆ. ಹಾಗಾಗಿ ನಾವು ಪ್ರೀತಿಯ ಮಾತನ್ನು ದೂರು ಹೇಳುವ ಧ್ವನಿಯಲ್ಲಿ ಆಡುವುದನ್ನು ಕಲಿತೆವು. ಅವನು ಹುಬ್ಬು ಗಂಟಿಕ್ಕಿ ನನ್ನ ಸ್ಕ್ರೀನಿನ ಮೇಲೆ ಬೆರಳಿಟ್ಟು, "ನಿನ್ನೆ ಕ್ಯಾಂಟೀನಲ್ಲಿ ನಿಮ್ಮನ್ನು ಕಾಣ್ಲಿಲ್ಲ, ನಂಗೆ ಊಟವೇ ಸೇರ್ಲಿಲ್ಲ" ಅನ್ನುವನು. ನಾನು ಟೇಬಲ್ ಗುದ್ದಿ, "ನಿಮಗ ಊಟ ಸೇರದಿದ್ದರ ನಾ ಏನು ಮಾಡ್ಲಿ? ನನಗೂ ಸೇರಲಿಲ್ಲ" ಅನ್ನುವೆ. ಮ್ಯಾನೇಜರ್ ಒಂದು ದಿನ ನಮ್ಮಿಬ್ಬರನ್ನೂ ಒಳಗೆ ಕರೆದು ಚಹಾ ಕುಡಿಸಿದರು. ಒಂದೇ ದೇಶದವರು ಹೀಗೆ ಹಾವು ಮುಂಗುಸಿಯ ಹಾಗೆ ಇರಬಾರದು, ಸ್ವಲ್ಪ ತಾಳ್ಮೆ ಇರಲಿ ಎಂದು ಬುದ್ಧಿ ಹೇಳಿದರು. ನಾವು ತಲೆ ತಗ್ಗಿಸಿ ಕೇಳಿ, ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಲಾರದೆ ಬೇರೆ ಬೇರೆ ದಿಕ್ಕಿಗೆ ಓಡಿದೆವು.

ಮದುವೆಯ ಮಾತು ಬಂದದ್ದೂ ಹಾಗೆಯೇ. ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ನಿಂತುಹೋಗಿದ್ದ ದಿನ ಅದು. ಎಲ್ಲರೂ ಕೂಗಾಡುತ್ತಿದ್ದರು. ಅವನು ಬೆವರೊರೆಸಿಕೊಳ್ಳುತ್ತ ಬಂದು ನನ್ನ ಟೇಬಲಿನ ಮುಂದೆ ನಿಂತ.

"ನಂಗೆ ನಿಮ್ಮನ್ನು ಮದುವೆ ಆಗ್ಬೇಕು ಅಂತ ಉಂಟು" ಎಂದ, ಕೆಟ್ಟ ಮೋರೆ ಮಾಡಿಕೊಂಡು. "ಈಗ ಸಿಟ್ಟಲ್ಲಿ ಎಂತಾದ್ರೂ ಹೇಳಿ, ಮ್ಯಾನೇಜರ್ ನೋಡ್ತಾ ಇದ್ದಾರೆ."

"ತಲಿ ಕೆಟ್ಟೈತೇನ್ರಿ ನಿಮಗ?" ಎಂದು ನಾನು ಜೋರಾಗಿ ಕೂಗಿದೆ. ಅದು ಅಭಿನಯವೇನೂ ಆಗಿರಲಿಲ್ಲ. ಆಮೇಲೆ ಸ್ವಲ್ಪ ಇಳಿದ ಧ್ವನಿಯಲ್ಲಿ, "ನಿಮ್ಮ ಮನ್ಯಾಗ ಕೇಳ್ರಿ ಮೊದಲ" ಎಂದೆ. ಅವತ್ತು ಸಂಜೆ ಹಾಸ್ಟೆಲಿನ ಕನ್ನಡಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಆ ಮುಖ ನನಗೆ ಇಷ್ಟವಾಯಿತು.

ಅವನ ಮನೆಯೆಂದರೆ ಅವನ ತಾಯಿ, ಉಮ್ಮ. ತಂದೆ ತೀರಿಕೊಂಡಿದ್ದರು, ಊರಿನಲ್ಲಿ ಮದುವೆಗೆ ಬಂದ ತಂಗಿಯೊಬ್ಬಳಿದ್ದಳು. ಉಮ್ಮ ಮಕ್ಕಾ ಯಾತ್ರೆಗೆ, ಉಮ್ರಾ ಮಾಡಲು ಬರುವವರಿದ್ದರು, ಬಂದು ಕೆಲವು ತಿಂಗಳು ಅವನ ಬಾಡಿಗೆ ಮನೆಯಲ್ಲಿ ಇರುವವರಿದ್ದರು. ಮಕ್ಕಾದಲ್ಲಿ ನಮಾಜಿಗೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಆ ಜನಜಂಗುಳಿಯಲ್ಲಿ ಮಂಡಿನೋವಿನ ಮುದುಕಿಯ ಕೈ ಹಿಡಿದುಕೊಳ್ಳಲು ಒಬ್ಬ ಹೆಂಗಸು ಬೇಕು. ಗುರುವಾರ ಗುರುವಾರ ನಮ್ಮ ಆಸ್ಪತ್ರೆಯ ಹೆಂಗಸರ ಬಸ್ಸು ಹೇಗೂ ಮಕ್ಕಾಕ್ಕೆ ಹೋಗುತ್ತದೆ. ನೀವು ಅಲ್ಲಿ ಉಮ್ಮನ ಜೊತೆ ಇರಿ ಎಂದು ಅವನು ಕೇಳಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ.

"ಕೆಲವು ದಿನ ಕನ್ನಡ ಬೇಡ, ಆಯ್ತಾ? ಸಿದ್ದಿ ಅಂತ ಮೊದಲೇ ಗೊತ್ತಾದ್ರೆ ಉಮ್ಮನಿಗೆ ಆ ಶಬ್ದ ಮಾತ್ರ ಕಾಣ್ತದೆ, ನೀವು ಕಾಣುದಿಲ್ಲ. ಮೊದಲು ನಿಮ್ಮನ್ನು ನೋಡ್ಲಿ. ಮತ್ತೆ ನಾನೇ ಹೇಳ್ತೇನೆ."

"ನಾ ಮೂಕಿಯಂಗ ನಿಂದರಬೇಕಾ?"

"ಮೂಕಿ ಅಲ್ಲ, ಅರಬಿಯವಳ ಹಾಗೆ. ನಾನು ಯಾವ ದೇಶ ಅಂತ ಹೇಳುದಿಲ್ಲ. ಅವರೇ ಅಂದಾಜು ಮಾಡ್ಲಿ."

ನನಗೆ ಸಿಟ್ಟು ಬಂತು. ಆದರೆ ಗರಜು ನನ್ನದು, ಒಪ್ಪಿಕೊಂಡೆ.

ಉಮ್ಮ ಸಣ್ಣಗೆ, ಬೆಳ್ಳಗೆ, ಮಾತಿನ ಮಲ್ಲಿ. ಮೊದಲ ದಿನ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮಾಶಾಲ್ಲಾ ಎಂದರು. ಸುಡಾನಾ ಎಂದು ಮಗನನ್ನು ಕೇಳಿದರು. ಅವನು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದ. ಅವರಿಗೆ ಬರುತ್ತಿದ್ದದ್ದು ಎರಡು ಭಾಷೆ. ಮನೆಯವರೊಂದಿಗೆ ಬ್ಯಾರಿ, ಹೊರಗಿನವರೊಂದಿಗೆ ಕನ್ನಡ. ಹುಟ್ಟಿದಾಗಿನಿಂದ ಹಾಗೆಯೇ ನಡೆದಿತ್ತು, ಸೌದಿಗೆ ಬಂದ ಮಾತ್ರಕ್ಕೆ ಅದನ್ನೇಕೆ ಬದಲಿಸಬೇಕು? ಬ್ಯಾರಿ ತಿಳಿಯದವರೆಲ್ಲರಿಗೂ ಕನ್ನಡ ತಿಳಿಯಲೇಬೇಕು ಎಂಬುದು ಅವರ ನಂಬಿಕೆ. ಮಕ್ಕಾದಲ್ಲಿ ತುರ್ಕಿಯ ಹೆಂಗಸಿಗೆ, "ಸ್ವಲ್ಪ ಆಚೆ ಸರೀರಿ, ಕಾಲು ಚಾಚ್ಲಿಕ್ಕೆ ಉಂಟು" ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಸೋಜಿಗವೆಂದರೆ ಅವಳು ಸರಿಯುತ್ತಿದ್ದಳು.

ನನ್ನ ಹತ್ತಿರವೂ ಕನ್ನಡವೇ. ನಾನು ನಗುತ್ತ ತಲೆಯಾಡಿಸುತ್ತಿದ್ದೆ, ಇನ್ಶಾ ಅಲ್ಲಾ ಅನ್ನುತ್ತಿದ್ದೆ. ಅರ್ಥವಾಗದವಳ ಎದುರು ಮನುಷ್ಯರು ಎಷ್ಟು ಬಿಚ್ಚಿ ಮಾತಾಡುತ್ತಾರೆ ಎಂಬುದು ನನಗೆ ಅಲ್ಲಿ ತಿಳಿಯಿತು. ನಮಾಜು ಮುಗಿದ ಮೇಲೆ ಕಂಬಕ್ಕೆ ಒರಗಿ ಕೂತು ನಾನು ಅವರ ಮಂಡಿ ಒತ್ತುತ್ತಿದ್ದೆ. ಅವರು ಗಂಡ ಸತ್ತ ದಿನ ಮಾಡಿದ್ದ ಮೀನು ಸಾರಿನ ಸುದ್ದಿಯಿಂದ ಹಿಡಿದು ನಾದಿನಿಯ ಕುಹಕದವರೆಗೆ ಎಲ್ಲವನ್ನೂ ನನಗೆ ಹೇಳುತ್ತಿದ್ದರು. ಒಂದು ಗುರುವಾರ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, "ಇವನು ಯಾವ ಹುಡುಗಿ ತೋರಿಸಿದ್ರೂ ಬೇಡ ಹೇಳ್ತಾನೆ. ತಲೆಯಲ್ಲಿ ಯಾರೋ ಇದ್ದಾಳೆ ಅಂತ ಕಾಣ್ತದೆ. ನಿನ್ನಂಥ ಹುಡುಗಿ ನಮ್ಮ ಕಡೆ ಒಬ್ಬಳು ಇದ್ದಿದ್ರೆ ನಾನು ಕಣ್ಣು ಮುಚ್ಚಿ ಮಾಡ್ತಿದ್ದೆ ಮಗಳೇ" ಎಂದರು. ನಾನು ಇನ್ಶಾ ಅಲ್ಲಾ ಎಂದೆ. ತಾಯಿಯ ಮಂಡಿ ಹೇಗಿರುತ್ತದೆ ಎಂದು ತಿಳಿಯದೆ ಬೆಳೆದವಳು ನಾನು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೈಯಿಂದ ಅವರ ನೋವಿನೆಣ್ಣೆಯ ವಾಸನೆ ಬರುತ್ತಿತ್ತು, ತೊಳೆಯಲು ಮನಸ್ಸಾಗಲಿಲ್ಲ.

ಯಾವಾಗ ಹೇಳುತ್ತೀರಿ ಎಂದು ನಾನು ಅವನನ್ನು ಕೇಳುತ್ತಲೇ ಇದ್ದೆ. ಬರುವ ವಾರ, ಬರುವ ವಾರ ಅನ್ನುತ್ತಿದ್ದ.

ಅವನು ಹೇಳುವ ಮೊದಲು ನಾನೇ ಬಾಯಿ ಬಿಟ್ಟೆ. ಒಂದು ಗುರುವಾರ ಸಂಜೆಯ ನಮಾಜು ಮುಗಿದು ಜನ ಒಮ್ಮೆಲೇ ಎದ್ದರು. ನೂಕುನುಗ್ಗಲಿನಲ್ಲಿ ಉಮ್ಮನ ಕೈ ನನ್ನ ಕೈಯಿಂದ ಜಾರಿತು. ನಾನು ಕಂಬದಿಂದ ಕಂಬಕ್ಕೆ ಓಡಿದೆ. ಕಡೆಗೆ ನೋಡಿದರೆ ಒಂದು ಬಾಗಿಲ ಹತ್ತಿರ, ಒಂದು ಕಾಲಿನ ಚಪ್ಪಲಿ ಕಳೆದುಕೊಂಡು, ಸಿಕ್ಕ ಸಿಕ್ಕವರ ತೋಳು ಹಿಡಿದು ಕೇಳುತ್ತಿದ್ದರು. "ನನ್ನ ಮಗನನ್ನು ಕಂಡ್ರಾ? ಉದ್ದ ಉಂಟು, ಕನ್ನಡಕ ಉಂಟು." ಕಣ್ಣಿಂದ ಧಾರಾಕಾರ ನೀರು. ಯಾರೂ ನಿಲ್ಲುತ್ತಿರಲಿಲ್ಲ. ಹೆದರಿದ ಮಗುವಿನ ಮುಖ ಅದು. ಅದನ್ನು ನೋಡಿಕೊಂಡು ಇನ್ಶಾ ಅಲ್ಲಾ ಅನ್ನಲು ನನ್ನಿಂದ ಆಗಲಿಲ್ಲ.

"ಇಲ್ಲೇ ಅದೇನಿ ಉಮ್ಮಾ, ಅಳಬ್ಯಾಡ್ರಿ" ಎಂದು ಅವರನ್ನು ತಬ್ಬಿಕೊಂಡೆ.

ಅವರು ನನ್ನ ಎದೆಗೆ ಮುಖ ಒತ್ತಿ ಅತ್ತರು. ಆಮೇಲೆ ಥಟ್ಟನೆ ತಲೆ ಎತ್ತಿದರು. "ಅಲ್ಲಾ, ನಿಂಗೆ ಕನ್ನಡ ಬರ್ತದಾ? ಇಷ್ಟು ದಿನ ಬರ್ತಿತ್ತಾ?" ಎಂದು ಅಳುತ್ತಲೇ ನಕ್ಕುಬಿಟ್ಟರು. ನನ್ನ ಕೆನ್ನೆ ಚಿವುಟಿದರು. "ಕಳ್ಳಿ! ಯಾರು ಕಲಿಸಿದ್ದು? ಇವನಾ?"

"ನಾನು ಹಳಿಯಾಳದಾಕಿ ಉಮ್ಮಾ."

ನಗು ಮುಖದ ಮೇಲೆ ಇನ್ನೂ ಇತ್ತು, ಕಣ್ಣಿನಿಂದ ಮಾತ್ರ ಹೋಯಿತು. ಅವರ ತವರಿನದು ಮರದ ವ್ಯಾಪಾರ. ಹಳಿಯಾಳದ ಕಡೆಯಿಂದ ಲಾರಿಯಲ್ಲಿ ದಿಮ್ಮಿ ಬರುತ್ತಿತ್ತಂತೆ. ಲಾರಿಯ ಮೇಲೆ ದಿಮ್ಮಿಗಳ ಜೊತೆ ಕೂತು ಬರುತ್ತಿದ್ದ ನಮ್ಮ ಕೂಲಿಯವರನ್ನು ಅವರು ಚಿಕ್ಕಂದಿನಿಂದ ಕಂಡಿದ್ದರು.

"ಸಿದ್ದಿಯಾ?" ಎಂದರು. ನಾನು ಹೂಂ ಎಂದೆ. ನನ್ನ ತೋಳಿನ ಮೇಲಿದ್ದ ಅವರ ಕೈ ಮೆಲ್ಲಗೆ ಹಿಂದಕ್ಕೆ ಹೋಗಿ ಅವರ ಸೆರಗಿನೊಳಗೆ ಸೇರಿತು. ಅವನು ಹುಡುಕಿಕೊಂಡು ಬರುವವರೆಗೆ ನಾವು ಪಕ್ಕಪಕ್ಕದಲ್ಲಿ ನಿಂತಿದ್ದೆವು.

ತಾನು ಮದುವೆಯಾಗಬೇಕೆಂದಿರುವುದು ನನ್ನನ್ನೇ ಎಂದು ಅವನು ಅವತ್ತು ರಾತ್ರಿಯೇ ಉಮ್ಮನಿಗೆ ಹೇಳಿದ. ಮುಂದಿನ ಗುರುವಾರ ಅವರು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬಂದರು. ನಾವು ಕೂರುತ್ತಿದ್ದ ಕಂಬದ ಬಳಿಯೇ ಕೂತು, ನನ್ನನ್ನು ಹತ್ತಿರ ಕರೆದು, ಮಡಿಲಲ್ಲಿ ಮತ್ತೆ ಕೈ ಇಟ್ಟುಕೊಂಡರು.

"ನಿನ್ನ ಮೇಲೆ ನಂಗೆ ಎಂತದೂ ಬೇಜಾರಿಲ್ಲ ಮಗಳೇ. ಇಡೀ ವಾರ ನಿದ್ದೆ ಬರ್ಲಿಲ್ಲ. ನಿನ್ನಂಥವಳು ಹುಡುಕಿದ್ರೂ ಸಿಕ್ಕುದಿಲ್ಲ, ಅದು ನಂಗೆ ಗೊತ್ತುಂಟು. ಆದ್ರೆ ನಮ್ಮ ಊರಿನ ಬಾಯಿ ನಿಂಗೆ ಗೊತ್ತಿಲ್ಲ. ಮನೆಯಲ್ಲಿ ಇನ್ನೊಬ್ಬಳು ಮದುವೆಗೆ ಇದ್ದಾಳೆ. ಸುಡಾನಿನವಳು ಅಂತ ಹೇಳುವ. ಅರಬಿ ದೇಶದ ಸೊಸೆ ಅಂತ ಇಡೀ ಊರು ನೋಡ್ಲಿಕ್ಕೆ ಬರ್ತದೆ, ಮಾಶಾಲ್ಲಾ ಹೇಳ್ತದೆ. ಹಳಿಯಾಳದ್ದು ಅಂದ್ರೆ ಅದೇ ಬಾಯಿ ಬೇರೆ ಹೇಳ್ತದೆ. ನಮಗೆ ಮೂರು ಜನರಿಗೆ ಗೊತ್ತಿದ್ರೆ ಸಾಕಲ್ವಾ?"

ಅದೇ ಮುಖ, ಅದೇ ಕೂದಲು, ಅದೇ ಮೈಬಣ್ಣ. ಸುಡಾನಿನಿಂದ ಬಂದರೆ ಚೆಂದ, ಹಳಿಯಾಳದಿಂದ ಬಂದರೆ ಕೂಲಿ. ಇದನ್ನು ಈಗ ಬರೆಯುವಾಗ ಮೈ ಉರಿಯುತ್ತದೆ. ಆದರೆ ಅವತ್ತು ಉರಿಯಲಿಲ್ಲ. ಅವತ್ತು ನನಗೆ ಖುಷಿಯೇ ಆಯಿತು. ಆ ಕೈ ನನ್ನ ಕೈಯ ಮೇಲೆ ವಾಪಸು ಬಂದಿತ್ತು. ಹೇಗೂ ಗೇಟಿನವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ನನ್ನನ್ನು ಸುಡಾನಿನವಳು ಅನ್ನುತ್ತಾರೆ, ಇನ್ನೊಂದು ಊರು ಅಂದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಅವನಂತೂ ಆಫೀಸಿನಲ್ಲಿ ಹುಬ್ಬು ಗಂಟಿಕ್ಕುವುದನ್ನೇ ಮರೆತು ನನ್ನ ಟೇಬಲಿನ ಮುಂದೆ ಹಲ್ಲು ಬಿಟ್ಟುಕೊಂಡು ನಿಂತ. ಕಣ್ಣಲ್ಲೇ ಗದರಿಸಿ ಕಳಿಸಬೇಕಾಯಿತು.

ಶುಕ್ರವಾರ ನಾನು ಬಾಬಾರಿಗೆ ಫೋನು ಮಾಡುವ ದಿನ. ಜುಮ್ಮಾ ನಮಾಜು ಮುಗಿಸಿ ಬಾಬಾ ಹಳಿಯಾಳದ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಬಂದು ಕಾಯುತ್ತಿದ್ದರು. ನಾನು ವಿಷಯ ಹೇಳಿದೆ. ಹುಡುಗ ಹೀಗೆ, ಅವರ ತಾಯಿ ಹೀಗೆ, ಒಪ್ಪಿದ್ದಾರೆ ಎಂದೆ.

"ನಾವು ಯಾರು ಅಂತ ಹೇಳಿಯೇನವಾ ಅವರಿಗೆ?"

"ಹೇಳೇನಿ ಬಾಬಾ."

"ಸಿದ್ದಿ ಅಂತ?"

"ಹೂಂ ಬಾಬಾ. ಗೊತ್ತೈತಿ ಅವರಿಗೆ."

"ಹಂಗಂದ ಮ್ಯಾಲೂ ಒಪ್ಯಾರ?"

ಒಪ್ಯಾರ ಎಂದೆ. ಅದು ಸುಳ್ಳೇನೂ ಅಲ್ಲವಲ್ಲ. ಆಮೇಲೆ ಬಾಬಾ ರಿಸೀವರನ್ನು ಕೈಯಲ್ಲೇ ಹಿಡಿದುಕೊಂಡು ಬೂತಿನವನಿಗೆ ಹೇಳುವುದು ಕೇಳಿಸಿತು. "ಎಲ್ಲಾ ತಿಳಿದೂ ಒಪ್ಯಾರ ನೋಡ್ರಿ ನನ್ನ ಮಗಳನ್ನ. ದೊಡ್ಡ ಮನಷ್ಯಾರು." ಮತ್ತೆ ಫೋನಿಗೆ ಬಂದು, ತಾನು ಯಾವಾಗ ಬರಬೇಕು, ಪಾಸ್‌ಪೋರ್ಟು ಮಾಡಿಸಲು ಯಾರನ್ನು ಕೇಳಬೇಕು ಎಂದೆಲ್ಲ ವಿಚಾರಿಸಿದರು. "ಹಂಗ ಒಮ್ಮೆ ಮಕ್ಕಾನೂ ಕಂಡಂಗ ಆಗ್ತದ" ಎಂದರು. ಅವರ ಧ್ವನಿ ಅಷ್ಟು ಹಗುರಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಶನಿವಾರ ಅವನು ನನ್ನನ್ನು ಪ್ರಿಂಟರಿನ ಕಾಗದದ ಪೆಟ್ಟಿಗೆಗಳಿಡುವ ಓಣಿಯಲ್ಲಿ ಹಿಡಿದ. ಮುಖ ಬೆಳಗುತ್ತಿತ್ತು. ಎಲ್ಲ ವ್ಯವಸ್ಥೆ ಮಾಡಿದ್ದೇನೆ ಎಂದ. ನಿಕಾಹ್ ಜೆದ್ದಾದಲ್ಲೇ, ಉಮ್ಮ ಇರುವಾಗಲೇ. ಊರಿನ ಗೆಳೆಯರೆಲ್ಲ ಬರುತ್ತಾರೆ. ವಿಡಿಯೋ ತೆಗೆಸುತ್ತೇವೆ, ಕ್ಯಾಸೆಟ್ಟು ಊರಿಗೆ ಹೋಗುತ್ತದೆ, ಮನೆಯಲ್ಲಿ ಟಿವಿಗೆ ಹಾಕಿ ಎಲ್ಲರಿಗೂ ತೋರಿಸುತ್ತಾರೆ. ಆಮೇಲೆ ಧ್ವನಿ ತಗ್ಗಿಸಿ ಔಷಧ ವಿಭಾಗದ ಮುದುಕನ ವಿಷಯ ಹೇಳಿದ.

ಆ ಮುದುಕ ನಿಜವಾದ ಸುಡಾನಿ. ಬಹಳ ಒಳ್ಳೆಯ ಮನುಷ್ಯ. ನಾನು ಯಾರು ಎಂದು ನನ್ನಿಂದಲೇ ತಿಳಿದಿದ್ದರು. ನಿನ್ನ ಅಜ್ಜ ಹಡಗು ತಪ್ಪಿ ಹತ್ತಿದ, ನೀನು ನಮ್ಮವಳೇ ಎಂದು ತಮಾಷೆ ಮಾಡುತ್ತಿದ್ದರು. ನಿಕಾಹ್‌ನಲ್ಲಿ ಹುಡುಗಿಯ ಕಡೆಯಿಂದ ತಂದೆ ಕೂತು ಒಪ್ಪಿಗೆ ಕೊಡಬೇಕಲ್ಲ, ಆ ಜಾಗದಲ್ಲಿ ಕೂರಲು ಅವರು ಒಪ್ಪಿದ್ದಾರೆ ಎಂದು ಇವನು ಹೇಳಿದ. ಬಿಳಿ ನಿಲುವಂಗಿ, ಬಿಳಿ ಪೇಟ ತೊಟ್ಟು ಬರುತ್ತಾರಂತೆ. ಧರ್ಮಕ್ಕೂ ಅಡ್ಡಿಯಿಲ್ಲವಂತೆ. ನನ್ನ ಬದಲು ಇವರು ನಿಲ್ಲಲಿ ಎಂದು ಬಾಬಾ ಒಂದು ಒಪ್ಪಿಗೆ ಕಳಿಸಿದರೆ ಆಯಿತು, ಮೌಲ್ವಿಯನ್ನೂ ಕೇಳಿದ್ದಾನಂತೆ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕಾಗದದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

"ನನ್ನ ಬಾಬಾ ಬದುಕ್ಯಾರ."

"ಬದುಕಿದ್ದಾರೆ, ಯಾರು ಇಲ್ಲ ಹೇಳಿದ್ದು? ಬರೀ ಆ ಒಂದು ದಿನಕ್ಕೆ."

"ಅವರು ಬರಬೇಕಂತ ಅಂತಾರ. ಬಂದ್ರ ಎಲ್ಲಿ ಕೂಡ್ತಾರ?"

ಅವನು ಈ ಪ್ರಶ್ನೆಯನ್ನು ನಿಜವಾಗಿ ಯೋಚಿಸಿದ. ಕೇಬಲ್ ಯಾವ ಗೋಡೆಯಿಂದ ಎಳೆಯಲಿ ಎಂದು ನೋಡುವಾಗ ಹೇಗೆ ಕಣ್ಣು ಕಿರಿದು ಮಾಡುತ್ತಿದ್ದನೋ ಹಾಗೆಯೇ ಮಾಡಿದ. ಆಮೇಲೆ ಪರಿಹಾರ ಸಿಕ್ಕವನ 'ಹಾಂ' ಬಂತು. "ಬರ್ಲಿ, ಪಾಪ. ಆ ಸುಡಾನಿ ಅಜ್ಜನ ಕಡೆಯವರ ಜೊತೆ ಕೂತ್ಕೊಳ್ಳಲಿ. ಯಾರೂ ಎಂತದೂ ಕೇಳುದಿಲ್ಲ. ಕನ್ನಡ ಮಾತಾಡದೆ ಕೂತ್ರೆ ಆಯ್ತು."

ಇದನ್ನು ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಎಲ್ಲರಿಗೂ ಅನುಕೂಲವಾಗಲಿ ಎಂದೇ ಹೇಳಿದ. ನಾನು ಆ ಓಣಿಯಲ್ಲಿ ಅವನ ಮುಖ ನೋಡುತ್ತ ಕೂತೆ. ಎಷ್ಟು ಇಷ್ಟಪಟ್ಟಿದ್ದ ಮುಖ ಅದು! ಆಗಲೂ ಇಷ್ಟವೇ ಇತ್ತು.

"ಆಗೂದಿಲ್ರಿ" ಎಂದೆ.

ತಮಾಷೆ ಅಂದುಕೊಂಡ. ಆಮೇಲೆ ಸಿಟ್ಟಾದ. "ಉಮ್ಮನನ್ನು ಒಪ್ಪಿಸಿದೆ. ಇನ್ನು ನಾನು ಎಂತ ಮಾಡ್ಬೇಕು ಹೇಳಿ?"

"ಊರಿಗೆ ಹೇಳ್ರಿ. ಹಳಿಯಾಳದ ಸಿದ್ದಿ ಹುಡುಗೀನ ಮದುವಿ ಆಗೇನಿ, ಮಾವ ಮರದ ಡಿಪೋದಾಗ ದುಡೀತಾನ ಅಂತ ಹೇಳ್ರಿ. ಇವತ್ತ ನಿಕಾಹ್ ಆಗ್ತೇನಿ."

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಒರೆಸುತ್ತಲೇ ಇದ್ದ. "ತಂಗಿ ಇದ್ದಾಳಲ್ವಾ" ಎಂದ ಕಡೆಗೆ. ಹೌದು, ಇದ್ದಳು. ಆ ಹುಡುಗಿಗೆ ಗಂಡು ಸಿಗದೆ ಹೋಗಬಹುದಿತ್ತು, ಅದೂ ನಿಜವೇ. ಅವನು ಅದನ್ನು ಹೇಳಿದ, ನಾನು ಕೇಳಿದೆ. ಇಬ್ಬರೂ ಅತ್ತೆವು, ಬೇರೆ ಬೇರೆ ಗೋಡೆ ನೋಡಿಕೊಂಡು. ಯಾರೋ ಕಾಗದದ ಪೆಟ್ಟಿಗೆ ಒಯ್ಯಲು ಬಂದರು. ನಾನೆದ್ದು ಜಾಗ ಬಿಟ್ಟುಕೊಟ್ಟೆ.

ಉಮ್ಮ ಊರಿಗೆ ಹೊರಡುವ ಮುಂಚೆ ಒಮ್ಮೆ ಮಕ್ಕಾದಲ್ಲಿ ಸಿಕ್ಕರು. "ಇಷ್ಟಕ್ಕೆ ಹಠ ಮಾಡಿದೆಯಲ್ಲ ಮಗಳೇ" ಎಂದು ಗದ್ಗದರಾದರು. ನಾನು ಕೊನೆಯ ಸಲ ಅವರ ಮಂಡಿಗೆ ಎಣ್ಣೆ ತಿಕ್ಕಿದೆ. ಅವರನ್ನು ದ್ವೇಷಿಸಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ನನ್ನ ಕರಾರು ಮುಗಿಯುವವರೆಗೆ ನಾವು ಅದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಬೇರೆ ದಾರಿಯಿರಲಿಲ್ಲ. ಮನಸ್ಸು ಸರಿಯಿಲ್ಲ ಎಂದು ಕೆಲಸ ಬದಲಿಸಲು ಅಲ್ಲಿ ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಕಫೀಲ್, ಬಿಡುವುದಿಲ್ಲ. ಅವನು ಬಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳುತ್ತಿದ್ದ, ನಾನು ಇಂಗ್ಲಿಷಿನಲ್ಲಿ ವಿನಯದಿಂದ ಉತ್ತರಿಸುತ್ತಿದ್ದೆ. ಟೇಬಲ್ ಗುದ್ದುವುದು, ಕೂಗುವುದು ಯಾವುದೂ ಇಲ್ಲ. ಮ್ಯಾನೇಜರ್ ಒಂದು ದಿನ ನಮ್ಮಿಬ್ಬರ ನಡುವೆ ಬಂದು ನಿಂತು, ಕೊನೆಗೂ ನೀವಿಬ್ಬರೂ ರಾಜಿಯಾದಿರಿ, ನನಗೆಷ್ಟು ಸಮಾಧಾನವಾಯಿತು ಎಂದರು. ಅವನು ಥ್ಯಾಂಕ್ಯೂ ಸರ್ ಎಂದ.

ಬಾಬಾರಿಗೆ ಫೋನಿನಲ್ಲಿ, ಕೂಡಿಬರಲಿಲ್ಲ ಎಂದಷ್ಟೇ ಹೇಳಿದ್ದೆ. ಹೋಗಲಿ ಬಿಡವಾ ಎಂದಿದ್ದರು. ಕರಾರು ಮುಗಿಸಿ ಊರಿಗೆ ಬಂದ ಮೇಲೆ ತಿಳಿಯಿತು, ಅವರು ಪಾಸ್‌ಪೋರ್ಟಿಗೆಂದು ಪೇಟೆಗೆ ಹೋಗಿ ಫೋಟೋ ತೆಗೆಸಿಕೊಂಡಿದ್ದರು. ಬೂತಿನವನಿಗೆ, ಚಹಾದಂಗಡಿಯವನಿಗೆ, ಡಿಪೋದವರಿಗೆ ಎಲ್ಲರಿಗೂ ಹೇಳಿದ್ದರು. ಈಗ ಎಲ್ಲರ ಹತ್ತಿರ, ಮೊದಲು ಒಪ್ಪಿ ಕಡೆಗೆ ಸಿದ್ದಿ ಅಂತ ಆ ಜನ ಕೈಕೊಟ್ಟರು ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಅವನ ಮೇಲೆ ಇಲ್ಲದ ಅಪವಾದ ಬರಬಾರದು ಅನಿಸಿತು. ಒಂದು ಸಂಜೆ ಬಾಗಿಲ ಕಟ್ಟೆಯ ಮೇಲೆ ಬಾಬಾರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವರು ಬೇಡ ಅನ್ನಲಿಲ್ಲ ಬಾಬಾ, ನಾನೇ ಬೇಡ ಅಂದೆ ಎಂದೆ. ಸುಡಾನಿ ಮುದುಕನ ವಿಷಯ ಹೇಳಿದೆ. ನೀವು ಬಂದರೂ ಕನ್ನಡ ಮಾತಾಡದೆ ದೂರ ಕೂರಬೇಕಿತ್ತು ಎಂಬುದನ್ನೂ ಹೇಳಿದೆ. ಭೇಷ್ ಮಗಳೇ ಎಂದು ಬೆನ್ನು ತಟ್ಟುತ್ತಾರೆ, ನನ್ನ ಸಿಟ್ಟೇ ಅವರಿಗೂ ಬರುತ್ತದೆ ಎಂದು ಕಾದೆ.

ಬಾಬಾ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು.

"ಅಷ್ಟಕ್ಕ ಬ್ಯಾಡ ಅಂದಿಯೇನವಾ? ನನ್ನ ಕೇಳಬೇಕಿತ್ತಿಲ್ಲೋ. ಡಿಪೋದಾಗ ಸಾಹೇಬರ ಮುಂದ ಜಲಮ ಪೂರಾ ಬಾಯಿ ಮುಚಕೊಂಡ ನಿಂತೇನಿ. ನಿನ್ನ ಸಲುವಾಗಿ ಒಂದು ದಿನ ಸುಮ್ಮ ಕೂಡತಿದ್ದಿಲ್ಲೇನು?"

ನಾನು ಎದ್ದು ಒಳಗೆ ಹೋದೆ. ಜೆದ್ದಾದಲ್ಲಿ ಅಷ್ಟೆಲ್ಲ ಆದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಬಾಬಾ ಹೊರಗಿನಿಂದ, ಏನಾತವಾ, ಏನಾತು ಎಂದು ಕೇಳುತ್ತಲೇ ಇದ್ದರು.